ಹಗೇವಿನ ಬಾಯಿಗೆ ಒಂದು ಬುಟ್ಟಿ ಮಣ್ಣು

ಸಿಟ್ಟು ಬಂದಾಗ ನನ್ನ ಹೆಂಡತಿ ನನ್ನನ್ನು ‘ನಾಳಿ ಸಾಹೇಬ್ರು’ ಎಂದು ಕರೆಯುತ್ತಿದ್ದಳು. ಸಿಟ್ಟು ಇಳಿದ ಮೇಲೂ ಹಾಗೆಯೇ ಕರೆಯುತ್ತಿದ್ದಳು. ಮೇಲವಂಕಿಯ ನಮ್ಮ ಓಣಿಯಲ್ಲಿ ಆ ಹೆಸರು ಒಂದಿಷ್ಟು ದಿನ ಓಡಾಡಿ, ಬೀಗರ ಬಾಯಿಗೂ ಬಿದ್ದು, ಕಡೆಗೆ ನನಗೇ ರೂಢಿಯಾಗಿಹೋಯಿತು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಹೊಲದ ದೊಡ್ಡ ಕೆಲಸಗಳಿಗೆ ನಾನು ಹಿಂದೆ ಬಿದ್ದವನಲ್ಲ. ಬಿತ್ತುವುದು, ಹರಗುವುದು, ಕೊಯ್ಯುವುದು, ರಾಶಿ ಮಾಡುವುದು, ಇವನ್ನೆಲ್ಲ ಊರಿಗೆ ಊರೇ ಮಾಡುತ್ತಿರುವಾಗ ನಾನೂ ಮಾಡುತ್ತಿದ್ದೆ. ನನಗೆ ಬೇಸರವೆಂದರೆ ಸಣ್ಣ ಕೆಲಸಗಳದ್ದು. ಮಾಡಿದರೆ ಯಾರ ಕಣ್ಣಿಗೂ ಕಾಣದ, ಮಾಡದಿದ್ದರೆ ಅವತ್ತಿನ ಮಟ್ಟಿಗೆ ಏನೂ ಆಗದ ಕೆಲಸಗಳು.

ಹಿತ್ತಲ ಬಾಗಿಲ ಅಗುಳಿ ಸಡಿಲಾದಾಗ ಒಂದು ಮೊಳೆ ಹೊಡೆದಿದ್ದರೆ ಮುಗಿಯುತ್ತಿತ್ತು. ನಾನು ಬಾಗಿಲಿಗೆ ಒಂದು ಕಲ್ಲು ಒರಗಿಸಿ ಒಂದು ಬೇಸಿಗೆ ಕಳೆದೆ. ಆಕಳು ಕಲ್ಲು ತಳ್ಳಿಕೊಂಡು ಒಳಗೆ ಬಂದು ಹಿಟ್ಟಿನ ಬುಟ್ಟಿಗೆ ಬಾಯಿ ಹಾಕಿತು. ಮರುದಿನ ಮತ್ತೂ ದೊಡ್ಡ ಕಲ್ಲು ತಂದು ಒರಗಿಸಿದೆ. ಒಡ್ಡಿನಲ್ಲಿ ಹೆಗ್ಗಣ ತೋಡಿದ ತೂತಿಗೆ ಒಂದು ಹೆಡಿಗೆ ಮಣ್ಣು ಹಾಕದೆ ಬಿಟ್ಟು, ಮಳೆಗಾಲದಲ್ಲಿ ಒಡ್ಡನ್ನೇ ಕಳೆದುಕೊಂಡೆ. ಬಂಡಿಯ ಗಾಲಿ ನಾಲ್ಕು ಊರಿಗೆ ಕೇಳುವಂತೆ ಕಿರುಗುಟ್ಟುತ್ತಿತ್ತು. ಇಂಥವನ್ನೆಲ್ಲ ಗೋಕಾಕದ ಸಂತೆಯ ದಿನ ಚಹಾದ ಅಂಗಡಿಯಲ್ಲಿ ನಾನೇ ಹೇಳಿ ನಗಿಸುತ್ತಿದ್ದೆ. ಹಾನಿ ನನ್ನದೇ ಆದ್ದರಿಂದ ನಗುವ ಹಕ್ಕೂ ನನ್ನದೇ ಎಂಬ ಧೈರ್ಯ. ಒಂದನ್ನು ಮಾತ್ರ ಎಂದೂ ಹೇಳಲಿಲ್ಲ.

ಆಗ ನಮ್ಮ ಕಡೆ ಜೋಳವನ್ನು ಹಗೇವಿನಲ್ಲಿ ಇಡುತ್ತಿದ್ದೆವು. ಅಂಗಳದಲ್ಲಿ ಆಳುದ್ದಕ್ಕಿಂತ ಆಳವಾಗಿ ತೋಡಿದ ಕುಣಿ ಅದು. ಬಾಯಿ ಸಣ್ಣದು, ಒಬ್ಬ ಮನುಷ್ಯ ಇಳಿಯುವಷ್ಟು; ಹೊಟ್ಟೆ ದೊಡ್ಡದು. ತಳಕ್ಕೂ ಸುತ್ತಲೂ ಒಣ ಜೋಳದ ದಂಟಿನ ಕಣಿಕೆ ಹಾಸಿ, ಜೋಳ ಸುರಿದು, ಮೇಲೆ ಹೊಟ್ಟು ತುಂಬಿ, ಬಾಯಿಗೆ ಹಾಸುಗಲ್ಲು ಮುಚ್ಚಿ, ಅದರ ಮೇಲೆ ಮಣ್ಣು ಮೆತ್ತಿದರೆ ಒಳಗಿನ ಕಾಳು ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಬೇಸಿಗೆಯಲ್ಲಿ ಆ ಮಣ್ಣು ಒಣಗಿ ಬಿರುಕು ಬಿಡುವುದು. ಮುಂಗಾರು ತರುವ ಮಿರಗದ ಮಳೆಗೆ ಮುಂಚೆ ಹಳೇ ಗೋಡೆಯ ಮಣ್ಣಿಗೆ ಬೂದಿ, ಹೊಟ್ಟು ಕೂಡಿಸಿ ತುಳಿದು ಇನ್ನೊಂದು ಸಲ ಮೆತ್ತಬೇಕು. ಒಂದು ಬುಟ್ಟಿ ಮಣ್ಣು ಸಾಕು. ಊಟಕ್ಕೆ ಮುಂಚೆ ಹಿಡಿದರೆ ಊಟದ ಹೊತ್ತಿಗೆ ಮುಗಿಯುವ ಕೆಲಸ.

ನಮ್ಮ ಹಗೇವಿನಲ್ಲಿ ನಮ್ಮ ಕಾಳಿನ ಜೊತೆ ಇನ್ನೊಬ್ಬಳ ಕಾಳೂ ಇರುತ್ತಿತ್ತು. ಅವಳು ಊರ ಹೊರಗಿನ ಕೇರಿಯವಳು, ಗಂಡ ಸತ್ತವಳು. ನಾನು ಅಂಬೆಗಾಲಿಡುವ ಮೊದಲಿನಿಂದಲೂ ನಮ್ಮ ಹೊಲದಲ್ಲಿ ದುಡಿದವಳು. ನನ್ನ ಅಪ್ಪ ಬೇಗ ಹೋಗಿದ್ದರಿಂದ ಅವ್ವನೇ ಒಕ್ಕಲುತನ ನಡೆಸಿದ್ದಳು; ಅವ್ವನ ಬಲಗೈ ಎಂದರೆ ಇವಳು. ಸುಗ್ಗಿಯಲ್ಲಿ ಕೂಲಿಯಾಗಿ ಬಂದ ಜೋಳವನ್ನು ಮನೆಗೆ ಒಯ್ದರೆ ಇಲಿ ತಿನ್ನುತ್ತವೆ, ಗುಡಿಸಲು ಸೋರುತ್ತದೆ ಎಂದು ಅವಳು ಅದನ್ನು ನಮ್ಮಲ್ಲೇ ಬಿಡುವುದು ಅವ್ವ ಹಾಕಿಕೊಟ್ಟ ರೂಢಿ. ಹಗೇವು ತುಂಬುವಾಗ ಅವ್ವ ತಾನೇ ಬಾಯ ಹತ್ತಿರ ಕೂರುತ್ತಿದ್ದಳು. ತಳಕ್ಕೆ ನಮ್ಮ ಜೋಳ, ನಡುವೆ ಕಣಿಕೆ ಹಾಸಿ ಅವಳ ಜೋಳ, ಮೇಲೆ ಮತ್ತೆ ನಮ್ಮದು.

“ಆಕೀದು ನಡಕ ಇರ್ಲಿ. ಮ್ಯಾಲಿಂದು ಹೆಂಗಿದ್ರೂ ಒಂದೀಟು ಮುಗ್ಗತೈತಿ, ಅದು ನಮ್ದ ಆಗ್ಲಿ” ಎನ್ನುವಳು.

ಅವ್ವ ತೀರಿಕೊಂಡ ಮೇಲಿನ ಮೊದಲ ಸುಗ್ಗಿಯಲ್ಲಿ ಹಗೇವು ತುಂಬುವುದು ನನ್ನ ಪಾಲಿಗೆ ಬಂತು. ನಮ್ಮ ಸೀಮೆ ಮುಂಬೈ ಬಿಟ್ಟು ಮೈಸೂರಿಗೆ ಸೇರಿದ ಹೊಸತು. ಆ ವರ್ಷ ಅವಳ ಜೋಳ ಎರಡು ಚೀಲ ಇತ್ತು. ಒಬ್ಬಳ ಹೊಟ್ಟೆಗೆ ಅಷ್ಟು ಬೇಕಾಗಿರಲಿಲ್ಲ. ಅವಳ ಒಬ್ಬಳೇ ಮಗಳನ್ನು ಹುಕ್ಕೇರಿಯ ಆಚೆ ಕೊಟ್ಟಿದ್ದರು. ಮಗಳಿಗೆ ಆಗಷ್ಟೇ ದಿನ ನಿಂತಿತ್ತು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಬಾಣಂತನ ಮಾಡಿ, ಕೂಸಿನ ಜೊತೆ ಮಗಳನ್ನು ತಿರುಗಿ ಕಳಿಸುವ ತನಕ ಮನೆಯಲ್ಲಿ ರೊಟ್ಟಿಗೆ ಕೊರತೆ ಇರಬಾರದು. ಅದಕ್ಕಾಗಿ ಆ ಹೆಂಗಸು ಕೈಗೆ ಬಂದ ಕೂಲಿಯನ್ನೆಲ್ಲ ಕಾಳಾಗಿಯೇ ಉಳಿಸಿದ್ದಳು. ದಸರೆ ಮುಗಿದು ಸೀಗಿ ಹುಣ್ಣಿಮೆ ಆದ ಮೇಲೆ ಮಗಳನ್ನು ಕರೆತರುವುದೆಂದು ಮಾತಾಗಿತ್ತು. ಹೇಗೂ ಮಾನೌಮಿ ಆದ ಕೂಡಲೇ ಅವಳ ಕಾಳು ತೆಗೆಯಬೇಕು, ನಡುವೆ ಹಾಕಿದರೆ ಮೇಲಿನದೆಲ್ಲ ಹೊರಗೆ ಎಳೆಯಬೇಕು, ಯಾರಿಗೆ ಬೇಕು ಆ ರಗಳೆ ಎಂದು ನಾನು ಅವಳ ಎರಡೂ ಚೀಲವನ್ನು ಎಲ್ಲಕ್ಕಿಂತ ಮೇಲೆ ಸುರಿಸಿದೆ. ಅವಳು ನೋಡುತ್ತಿದ್ದಳು. ಖಾಲಿಯಾದ ಚೀಲಗಳನ್ನು ಮಡಿಚಿ ಕಂಕುಳಲ್ಲಿ ಇಟ್ಟುಕೊಂಡಳು.

ವೈಶಾಖದಲ್ಲಿ ತಿಪ್ಪೆಯ ಗೊಬ್ಬರ ಹೇರಿದ ಬಂಡಿಯನ್ನು ಅಂಗಳದಲ್ಲಿ ತಿರುಗಿಸುವಾಗ ಒಂದು ಗಾಲಿ ಹಗೇವಿನ ಬಾಯ ಅಂಚಿನ ಮೇಲೆ ಹಾದುಹೋಯಿತು. ಹಾಸುಗಲ್ಲು ಸ್ವಲ್ಪ ಅಲುಗಿತು. ಇಳಿದು ನೋಡಿದೆ. ಮಣ್ಣಿನಲ್ಲಿ ಬೆರಳು ತೂರುವಷ್ಟು ಬಿರುಕು ಬಿಟ್ಟಿತ್ತು. ಹೇಗೂ ಮಿರಗಕ್ಕೆ ಮುಂಚೆ ಮೆತ್ತುವುದಿದೆಯಲ್ಲ, ಆಗ ಸರಿಹೋಗುತ್ತದೆ ಎಂದು ಬಂಡಿ ಹೊಡೆದುಕೊಂಡು ಹೋದೆ.

ಆ ಬಿರುಕು ಮೊದಲು ನನ್ನ ಕಣ್ಣಿಗೆ ಬಿತ್ತು, ಆಮೇಲೆ ಅವಳ ಕಣ್ಣಿಗೆ. ಒಂದು ದಿನ ಮುಂಜಾನೆ ಕೆಲಸಕ್ಕೆ ಬಂದವಳು ಅಂಗಳದ ಅಂಚಿನಲ್ಲೇ ನಿಂತು ಹೇಳಿದಳು:

“ಸಣ್ಣ ಧಣ್ಯಾರ, ಹಗೇದ ಮ್ಯಾಲಿನ ಮಣ್ಣು ಬಿಟ್ಟೈತ್ರಿ. ಒಂದ ಬುಟ್ಟಿ ಮಣ್ಣು ಮೆತ್ತಿಸಿಬಿಡ್ರಿ.”

“ನಾಳಿ ಮಾಡಿಸ್ತೇನಿ ಬಿಡಬೇ.”

ಮುಗಿಲು ಕಪ್ಪಾಗತೊಡಗಿದಾಗ ಇನ್ನೊಮ್ಮೆ ನೆನಪು ಮಾಡಿದಳು. ನಾನು ಮತ್ತೆ ಅದೇ ಮಾತು ಹೇಳಿದೆ. ಈ ಸಲ ಅವಳು ಅಲ್ಲಿಂದ ಕದಲಲಿಲ್ಲ.

“ನಿಮಗ ಪುರಸತ್ತ ಇಲ್ಲಂದ್ರ ನಾನ ಮೆತ್ತತೇನ್ರಿ. ಹಾಳ ಗ್ವಾಡಿ ಮಣ್ಣು ತಂದೇನಿ, ತುಳಿದೂ ಆಗೇತಿ.”

ಅವಳ ಹಿಂದೆ ಬೇಲಿಯ ಬುಡದಲ್ಲಿ ಹದ ಮಾಡಿದ ಮಣ್ಣು ತುಂಬಿದ ಬುಟ್ಟಿ ಇತ್ತು. ಒಂದು ಹೂಂ ಅಂದಿದ್ದರೆ ಸಾಕಿತ್ತು. ನಾನು ಅನ್ನಲಿಲ್ಲ. ನಮ್ಮ ಅಂಗಳದ ನಟ್ಟ ನಡುವೆ, ಹೊಸ್ತಿಲಿಗೆ ಎದುರಾಗಿ ಇದ್ದ ಹಗೇವು ಅದು. ಕೇರಿಯ ಹೆಂಗಸು ಬಂದು ಅದರ ಬಾಯಿ ಮೆತ್ತಿದಳೆಂದರೆ ಓಣಿಯವರು ಎರಡು ಮಾತು ಆಡುತ್ತಿದ್ದರು. ಅವಳು ಅಂಗಳದೊಳಗೆ ಬಂದದ್ದು ಒಂದು, ನಾನು ಮೈಗಳ್ಳ ಎಂಬುದು ಇನ್ನೊಂದು. ಕೊರಳಲ್ಲಿ ಲಿಂಗ ಕಟ್ಟಿಕೊಂಡು, ಶ್ರಾವಣ ಬಂದರೆ ಮಠದಲ್ಲಿ ಕೂತು ಮೇಲುಕೀಳಿಲ್ಲ ಎಂಬುದನ್ನು ಕೇಳಿ ತಲೆದೂಗುವ ಮನೆ ನಮ್ಮದು. ಹಾಗಿದ್ದೂ ನನಗೆ ಆ ಗಳಿಗೆಯಲ್ಲಿ ಹೊಳೆದದ್ದು ಇಷ್ಟೇ.

“ಬ್ಯಾಡ. ಅದು ನಮ್ಮ ಮನೀ ಕೆಲಸ, ನಾವ ಮಾಡ್ಕೋತೇವಿ” ಎಂದೆ.

ಅವಳು ಬುಟ್ಟಿಯನ್ನು ಅಲ್ಲೇ ಬಿಟ್ಟು ಹೊಲಕ್ಕೆ ನಡೆದಳು. ಮಣ್ಣು ಬೇಲಿಯ ಬುಡದಲ್ಲೇ ಒಣಗಿ ಹೆಂಟೆಯಾಯಿತು. ಆಮೇಲೆ ಅದನ್ನು ನೋಡಿದಾಗಲೆಲ್ಲ ನನಗೆ ಅವಳ ಮೇಲೆ ಸಿಟ್ಟು ಬರುತ್ತಿತ್ತು. ಮಾಡಬೇಕಾದ ಕೆಲಸ ನೆನಪಿಸುವವರ ಮೇಲೆ ಮಾಡದವನಿಗೆ ಬರುವ ಸಿಟ್ಟು ಅದು. ನನಗೆ ಚೆನ್ನಾಗಿ ಪರಿಚಯವಿತ್ತು. ಕಡೆಗೆ ಬುಟ್ಟಿಯನ್ನು ಕಾಲಿನಿಂದ ಬೇಲಿಯ ಆಚೆ ತಳ್ಳಿದೆ.

ಮಿರಗ ಬಂತು. ಮೊದಲ ಮಳೆಯ ಮರುದಿನ ಹಗೇವಿನ ಮೇಲೆ ತಟ್ಟೆಯಷ್ಟು ನೀರು ನಿಂತಿತ್ತು. ಒಂದು ಹರಕು ಗೋಣಿ ಹಾಸಿ, ಅದು ಹಾರದಂತೆ ಎರಡು ಕಲ್ಲು ಇಟ್ಟೆ. ಕಲ್ಲು ಇಡುವುದರಲ್ಲಿ ನಾನು ಮೊದಲಿನಿಂದಲೂ ಕೈ ಪಳಗಿದವನು. ಆಮೇಲೆ ಮಳೆ ಬಿದ್ದಾಗಲೆಲ್ಲ ಆ ಬಿರುಕು ನೆನಪಾಗುತ್ತಿತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ. ಮಳೆ ಇದ್ದಾಗ, ಹಸಿಯಲ್ಲಿ ಮಣ್ಣು ಹಿಡಿಯುವುದಿಲ್ಲ, ಬಿಸಿಲು ಬೀಳಲಿ ಅನ್ನುವೆ. ಬಿಸಿಲು ಬಿದ್ದಾಗ, ಈಗ ಮಳೆಯೇ ಇಲ್ಲವಲ್ಲ ಅನ್ನುವೆ. ಅವಳು ಮತ್ತೆ ಆ ಮಾತು ಎತ್ತಲಿಲ್ಲ. ಕೆಲಸಕ್ಕೆ ಬರುವಾಗ ಹೋಗುವಾಗ ಆ ಗೋಣಿಯ ಕಡೆ ಒಮ್ಮೆ ನೋಡುತ್ತಿದ್ದಳು, ಅಷ್ಟೇ.

ಅವಳು ನಮ್ಮ ಬೀಗರ ಪೈಕಿ ಯಾರಾದರೂ ಆಗಿದ್ದರೆ, ಆ ಎರಡು ಚೀಲ ತುಕ್ಕಾನಟ್ಟಿಯ ನನ್ನ ಮಾವನದ್ದಾಗಿದ್ದರೆ, ಗಾಲಿ ಹಾದ ದಿನವೇ ನಾನು ಮಣ್ಣು ಮೆತ್ತುತ್ತಿದ್ದೆ. ಇದನ್ನು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ. ಮೈಗಳ್ಳತನ ನನ್ನ ಹುಟ್ಟುಗುಣ ಎಂದು ಬಾಯಿತುಂಬ ಹೇಳಿಕೊಂಡು ತಿರುಗಿದವನು ನಾನು. ಆದರೆ ಯಾರ ಕೆಲಸ ತಡೆಯುತ್ತದೆ, ಯಾರದ್ದು ತಡೆಯುವುದಿಲ್ಲ ಎಂಬ ಲೆಕ್ಕ ಅದರೊಳಗೆ ಪಕ್ಕಾ ಇತ್ತು.

ಮಾನೌಮಿ ಮುಗಿದು ನೆಲ ಆರಿದ ಮೇಲೆ ಹಗೇವು ತೆಗೆಸಿದೆ. ಅವಳು ಮೊರ ಮತ್ತು ಎರಡು ಖಾಲಿ ಚೀಲ ಹಿಡಿದುಕೊಂಡು ಬಂದು ಎಂದಿನಂತೆ ಅಂಗಳದ ಅಂಚಿನಲ್ಲಿ ಕೂತಿದ್ದಳು. ಮಗಳು ಬರುವ ಸುದ್ದಿಯನ್ನು ಬೆಳಗಿನಿಂದ ನನ್ನ ಹೆಂಡತಿಗೆ ಹೇಳಿದ್ದನ್ನೇ ಹೇಳುತ್ತಿದ್ದಳು. ಆಳು ಕಲ್ಲು ಸರಿಸಿದ. ವಾಸನೆ ಅವನನ್ನು ಹಿಂದಕ್ಕೆ ತಳ್ಳಿತು. ಹಗೇವಿನ ಕಾಳಿಗೆ ಒಂದು ಹಳೇ ವಾಸನೆ ಇದ್ದೇ ಇರುತ್ತದೆ, ಅದು ನಮಗೆಲ್ಲ ಗೊತ್ತು. ಇದು ಅದಲ್ಲ. ಕೆಟ್ಟ ಗಾಳಿ ಹೋಗಲೆಂದು ಕಾದು, ಕಂದೀಲು ಇಳಿಬಿಟ್ಟು, ಅದು ಆರದಿರುವುದನ್ನು ನೋಡಿ ಆಳು ಕೆಳಗಿಳಿದ. ಮೊದಲ ಬುಟ್ಟಿ ಮೇಲೆ ಬಂತು. ಜೋಳ ಕರ್ರಗಾಗಿ ಹೆಂಟೆಗಟ್ಟಿತ್ತು. ನಡುನಡುವೆ ಮೊಳಕೆ ಬಂದು, ಅದೂ ಕೊಳೆತು ಹೋಗಿತ್ತು. ಎರಡನೆಯದೂ ಹಾಗೆ, ಅದರ ನಂತರದ್ದೂ ಹಾಗೆ.

ಕಣಿಕೆಯ ಪದರ ಬಂತು. ಆಳು ಅದನ್ನು ಎತ್ತಿ ಕೆಳಗಿನ ಒಂದು ಹಿಡಿ ತೆಗೆದು ಮೇಲಕ್ಕೆ ಕೊಟ್ಟ. ನಮ್ಮ ಜೋಳ. ಸ್ವಲ್ಪ ಹಳದಿಗಟ್ಟಿತ್ತು, ಕಾಳು ಗಟ್ಟಿ ಇತ್ತು. ಇಳಿದ ನೀರನ್ನೆಲ್ಲ ಅವಳ ಕಾಳೇ ಕುಡಿದಿತ್ತು. ನಮ್ಮ ಕಾಳಿಗೆ ಅವಳ ಕಾಳನ್ನು ನಾನು ಮುಚ್ಚಳ ಮಾಡಿಟ್ಟಿದ್ದೆ.

ಅವಳು ಎದ್ದು ಬಂದು, ಕಪ್ಪಾದ ಜೋಳವನ್ನು ಮುಷ್ಟಿಯಲ್ಲಿ ತೆಗೆದುಕೊಂಡು ಮೂಸಿ, ತಿರುಗಿ ಬುಟ್ಟಿಗೇ ಹಾಕಿದಳು.

“ಕೆಳಗಿಂದು ಹೆಂಗೈತ್ರಿ?”

“ಚೊಲೋ ಐತಿ” ಎಂದೆ.

“ನಿಮ್ದರ ಉಳೀತಲ್ರಿ. ಚೊಲೋ ಆತು.”

ಆ ಮಾತಿನಲ್ಲಿ ಕುಹಕ ಇದ್ದೀತೆಂದು ನಾನು ಅವಳ ಮುಖ ನೋಡಿದೆ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು. ಇರಲಿಲ್ಲ.

“ಚಿಂತಿ ಮಾಡಬ್ಯಾಡ ಬೇ. ನಮ್ಮದನ್ನ ಒಂದೆರಡು ಬಿಸಲಿಗೆ ಹಾಕಿ, ಅದರಾಗ ನಿನ್ನ ಎರಡು ಚೀಲ ಕೊಡ್ತೇನಿ.”

“ಯಾವಾಗ್ರಿ?”

“ನಾಳಿ, ನಾಡದ.”

ಹಗೇವಿನಿಂದ ಮೇಲೆ ಬಂದಿದ್ದ ಆಳು ಮುಖ ಬೇರೆ ಕಡೆ ಮಾಡಿದ. ಅವಳು ಕೆಟ್ಟ ಜೋಳವನ್ನೇ ಚೀಲಕ್ಕೆ ತುಂಬಿಕೊಂಡು ಹೊತ್ತು ಹೋದಳು. ಮರುದಿನ ಅದನ್ನು ತೊಳೆದು ಕೇರಿಯ ಬಂಡೆಯ ಮೇಲೆ ಒಣ ಹಾಕಿದ್ದನ್ನು ಹೊಲಕ್ಕೆ ಹೋಗುವಾಗ ಕಂಡೆ. ಕೋಳಿಗೆ ಇರಬೇಕು ಎಂದುಕೊಂಡೆ. ಅವಳ ಮನೆಯಲ್ಲಿ ಕೋಳಿ ಇಲ್ಲವೆಂಬುದು ನನಗೆ ಗೊತ್ತಿತ್ತು.

ಇಷ್ಟಾದ ಮೇಲಾದರೂ ಬುದ್ಧಿ ಬರಬೇಕಿತ್ತು. ನಮ್ಮ ಜೋಳ ಬಿಸಿಲಿಗೆ ಒಣಗಿ ಪಡಸಾಲೆಗೆ ಬಂತು. ಅಷ್ಟರಲ್ಲಿ ಹಿಂಗಾರಿ ಬಿತ್ತಿಗೆ ಹದ ಬಂತು, ಎತ್ತುಗಳಿಗೆ ಬಿಡುವಿಲ್ಲ. ಬಿತ್ತಿಗೆ ಮುಗಿದಾಗ ಬಂಡಿಯ ಕೀಲು ಹೋಗಿತ್ತು. ಅದನ್ನೂ ನಾನು ಎಂದೋ ಮಾಡಿಸಬೇಕಿತ್ತು. ಮನೆಯಾಕೆ, ಆಳಿನ ತಲೆಯ ಮೇಲೆ ಹೊರಿಸಿ ಕಳಿಸಿಬಿಡುತ್ತೇನೆ ಎಂದಳು. ತಪ್ಪು ನನ್ನದು, ನಾನೇ ಹೋಗಿ ಕೊಡಬೇಕು, ಅದೇ ಮರ್ಯಾದೆ ಎಂದು ತಡೆದೆ. ಕೇಳಲು ದೊಡ್ಡ ಮಾತು. ಖರೆ ಸಂಗತಿ ಎಂದರೆ ಅವಳ ಮುಖ ನೋಡಲು ನನಗೆ ನಾಚಿಕೆ, ಆ ನಾಚಿಕೆಯನ್ನೂ ನಾಳೆಗೆ ದೂಡುತ್ತಿದ್ದೆ. ಅವಳು ಕೆಲಸಕ್ಕೆ ಬಂದ ಹೊಲದ ಕಡೆ ಹೋಗದೆ ಇನ್ನೊಂದು ಹೊಲಕ್ಕೆ ಹೋಗುವ ಅಭ್ಯಾಸ ಮಾಡಿಕೊಂಡೆ.

ಒಂದು ದಿನ ಅವಳೇ ಬಂದಳು. ಅಂಗಳದ ಅಂಚಿನಿಂದ ಅವಳ ದನಿ ಕೇಳಿದ್ದೇ ತಡ, ನಾನು ಉಣ್ಣುತ್ತಿದ್ದವನು ಎದ್ದು ಹಿತ್ತಲ ಕಡೆ ನಡೆದೆ. ಬಾಗಿಲಿಗೆ ಒರಗಿಸಿದ್ದ ಕಲ್ಲು ಮರೆತಿದ್ದೆ. ಬಾಗಿಲು ಎಳೆದ ರಭಸಕ್ಕೆ ಅದು ಉರುಳಿ ತಾಮ್ರದ ಹಂಡೆಗೆ ಬಡಿಯಿತು. ಆ ಸಪ್ಪಳ ಓಣಿಯ ಆ ತುದಿಗೆ ಕೇಳಿರಬೇಕು. ಆಚೆ ನಿಂತು ಕಿವಿಗೊಟ್ಟೆ.

“ಸಣ್ಣ ಧಣ್ಯಾರು ಮನ್ಯಾಗಿಲ್ಲೇನ್ರಿ, ಯವ್ವಾ?”

ಸುಳ್ಳು ಹೇಳಲು ಹೆಂಡತಿಗೆ ಮನಸ್ಸಿಲ್ಲ, ಖರೆ ಹೇಳಲು ನಾಚಿಕೆ. ಅವಳು ಮೊರದ ತುಂಬ ಹಿಟ್ಟು ಹಾಕಿಕೊಟ್ಟಳು. ಅದು ಎಷ್ಟು ದಿನಕ್ಕೆ ಸಾಕಾದೀತು? ಮುದುಕಿ ಹಂಡೆಯ ಮಾತು ಎತ್ತದೆ ಹಿಟ್ಟು ತೆಗೆದುಕೊಂಡು ಹೋದಳು.

ಕಾರ್ತೀಕದ ಗೌರಿ ಹುಣ್ಣಿಮೆ ಕಳೆದ ಮೇಲೆ ಒಂದು ಮುಂಜಾನೆ ಹೆಂಡತಿ ನೀರಿಗೆ ಹೋಗಿ ತಿರುಗಿ ಬಂದು, ಕೊಡ ಇಳಿಸದೆಯೇ ನನ್ನೆದುರು ನಿಂತಳು. ಆ ದಿನ ಅವಳು ನನ್ನನ್ನು ಸಾಹೇಬ್ರು ಅನ್ನಲಿಲ್ಲ.

“ಮಗಳನ್ನ ಕಳಸಬ್ಯಾಡ್ರಿ ಅಂತ ಎಂದೋ ಹುಕ್ಕೇರಿ ಕಡಿ ಹೋಗಾವ್ರ ಕೂಡ ಹೇಳಿ ಕಳಿಸ್ಯಾಳಂತ್ರಿ ಆಕಿ. ಮನ್ಯಾಗ ಕಾಳಿಲ್ಲ ಅಂತ. ಕೇರಿ ತುಂಬ ಅದ ಮಾತು ಐತಿ.”

ನಾನು ಬಂಡಿಗೆ ಕಾಯಲಿಲ್ಲ. ಬಾಜೂ ಮನೆಯವರ ಬಂಡಿ ಕೇಳಿ ತಂದು, ಪಡಸಾಲೆಯ ಜೋಳದಲ್ಲಿ ಎರಡು ಚೀಲ ತುಂಬಿ, ಕೈ ತಡೆಯದೆ ಇನ್ನೂ ಅರ್ಧ ಚೀಲ ತುಂಬಿ ಹೊರಟೆ.

ಕೇರಿಗೆ ಬಂಡಿ ಹೊಡೆದುಕೊಂಡು ಹೋಗಿದ್ದೆನೇ ಹೊರತು ಅವಳ ಗುಡಿಸಲಿನ ಒಳಗೆ ನಾನು ಎಂದೂ ಕಾಲಿಟ್ಟಿರಲಿಲ್ಲ. ಚೀಲ ಬೆನ್ನ ಮೇಲೆ ಹೊತ್ತು ಬಗ್ಗಿ ಒಳಗೆ ಹೋದೆ. ಒಳಗೆ ತಂಪಾಗಿತ್ತು. ನೆಲಕ್ಕೆ ಹೊಸದಾಗಿ ಸಗಣಿ ಸಾರಿಸಿತ್ತು. ಗೋಡೆಯ ಬುಡದಲ್ಲಿ ಇಲಿಯ ತೂತುಗಳನ್ನೆಲ್ಲ ಮಣ್ಣಿನಿಂದ ಮುಚ್ಚಿ ಒರೆಸಿತ್ತು. ಮಾಡಿನ ಮೇಲೆ ಹೊಸ ಹುಲ್ಲು ಹೊದಿಸಿತ್ತು. ಗಾಳಿ ಬರುವ ಕಡೆಯ ಸಂದಿಗೆ ಗೋಣಿಯ ತಟ್ಟು ಕಟ್ಟಿತ್ತು. ಬಾಣಂತಿ ಮಲಗುವ ಮೂಲೆಯಲ್ಲಿ ಸಗಣಿ ಕುಳ್ಳು, ಕಟ್ಟಿಗೆ ಒಪ್ಪವಾಗಿ ಒಟ್ಟಿತ್ತು. ಆ ಮನೆಯಲ್ಲಿ ಮಾಡದೆ ಬಿಟ್ಟ ಕೆಲಸ ಒಂದೂ ನನ್ನ ಕಣ್ಣಿಗೆ ಬೀಳಲಿಲ್ಲ. ಒಲೆಯ ಹತ್ತಿರ ಬುಟ್ಟಿಯಲ್ಲಿ ಎರಡು ರೊಟ್ಟಿ ಇದ್ದವು, ಕರ್ರಗೆ. ಹಗೇವು ತೆಗೆದ ದಿನದ ವಾಸನೆ ಅಲ್ಲಿಂದ ಬರುತ್ತಿತ್ತು.

“ಬೇ, ನಿನ್ನ ಕಾಳು ತಂದೇನಿ” ಎಂದೆ. “ಮಗಳನ್ನ ಕರಸು. ಬೇಕಂದ್ರ ನಾನ ಹುಕ್ಕೇರಿಗಿ ಹೋಗಿ ಕರಕೊಂಡ ಬರ್ತೇನಿ.”

“ಹಡೆದ್ಲಂತ್ರಿ” ಎಂದಳು. “ಮೊನ್ನೆ ಸುದ್ದಿ ಬಂತು. ಹೆಣ್ಣ ಕೂಸು. ಇಬ್ರೂ ಆರಾಮ ಅದಾರಂತ.”

ನಾನು ಚೀಲ ಇಳಿಸುವುದನ್ನೂ ಮರೆತು ನಿಂತೆ.

“ಅತ್ತಿ ಅಂದ್ಲಂತ್ರಿ, ತವರಾಗ ಒಂದ ರೊಟ್ಟಿ ಗತಿ ಇಲ್ಲದಾಕಿ ಅಂತ. ಮಗಳಿಗಿ ಅದ ಭಾಳ ಹತ್ತೇತಿ. ಅವ್ವ ಕರೀಲಿಲ್ಲ ಅಂತ ಅಳಾಕತ್ತಿದ್ಲಂತ.” ಅವಳು ಸೆರಗಿನಿಂದ ನೆಲದ ಮೇಲೆ ಬಿದ್ದ ನಾಲ್ಕು ಕಾಳು ಬಳಿದು ಕೈಗೆ ತೆಗೆದುಕೊಂಡಳು. “ಕಾಳು ಹೆಂಗ ಕೆಟ್ಟೂ ಅನ್ನೂದನ್ನ ನಾ ಹೇಳಿ ಕಳಿಸಿಲ್ರಿ. ನಿಮ್ಮ ಮನಿ ಹೆಸರ ಯಾಕ ಬರಬೇಕು.”

ತಪ್ಪಾಯಿತು ಎಂದು ಹೇಳಲು ಬಾಯಿ ತೆರೆದೆ. ಆ ಮಾತು ಅಲ್ಲಿ ಎಷ್ಟು ಸಣ್ಣದಾಗಿ ಕೇಳಿಸೀತು ಎಂದು ಹೊಳೆದು ಬಾಯಿ ಮುಚ್ಚಿದೆ. ಚೀಲಗಳನ್ನು ಒಂದೊಂದಾಗಿ ತಂದು ಅವಳು ತೋರಿಸಿದ ಕಡೆ ಇಟ್ಟೆ. ಅರ್ಧ ಚೀಲದ ಬಾಯಿ ಕಟ್ಟಿರಲಿಲ್ಲ. ಅವಸರದಲ್ಲಿ ಹಾಗೇ ತಂದಿದ್ದೆ, ದಾರಿಯಲ್ಲಿ ಒಂದಿಷ್ಟು ಚೆಲ್ಲಿತ್ತು. ಅವಳು ಅದರ ಬಾಯನ್ನು ಕೈಯಿಂದ ಮುದುಡಿ ಹಿಡಿದು, ತಲೆ ಎತ್ತಿ ನೋಡಿದಳು. ನಾನೂ ನೋಡಿದೆ. ಮಾಡಿನ ತೊಲೆಗೆ ಎರಡು ಹಗ್ಗ ಕಟ್ಟಿ ಇಳಿಬಿಟ್ಟಿತ್ತು. ಪುಂಡಿಯ ನಾರಿನಿಂದ ಅವಳೇ ಹೊಸೆದ ಹೊಸ ಹಗ್ಗ. ತುದಿಗಳಲ್ಲಿ ತೊಟ್ಟಿಲು ಸಿಕ್ಕಿಸಲು ಕುಣಿಕೆ ಮಾಡಿತ್ತು. ಒಂದು ಕುಣಿಕೆಗೆ ಕೆಂಪು ಬಟ್ಟೆಯ ಚೂರು ಸುತ್ತಿತ್ತು.

“ಧಣ್ಯಾರ, ನಿಮ್ಮ ಕೈ ಮ್ಯಾಲ ಮುಟ್ಟತೈತಿ” ಎಂದಳು. “ಆ ಹಗ್ಗ ಬಿಚ್ಚಿ ಕೊಡ್ರಿ. ಚೀಲದ ಬಾಯಿ ಕಟ್ಟಬೇಕು.”

ಅದು ಇರಲಿ ಬೇ, ನಾಳಿ ಬ್ಯಾರೆ ಹಗ್ಗ ತಂದು ಕೊಡ್ತೇನಿ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅವಳು ಚೀಲದ ಬಾಯಿ ಹಿಡಿದುಕೊಂಡೇ ಕಾಯುತ್ತಿದ್ದಳು. ನಾನು ಕೈ ಎತ್ತಿ ಗಂಟು ಬಿಚ್ಚಿದೆ. ಗಟ್ಟಿ ಗಂಟು, ಕೂಸಿನ ಭಾರ ತಡೆಯಲೆಂದು ಹಾಕಿದ್ದು. ಬಿಚ್ಚಲು ಹೊತ್ತು ಹಿಡಿಯಿತು. ಅವಳು ಹೇಳಿದ ಕೆಲಸಗಳಲ್ಲಿ ಹೇಳಿದ ಕೂಡಲೇ ನಾನು ಮಾಡಿಕೊಟ್ಟದ್ದು ಅದೊಂದೇ.